ರಾಹುಕಾಲದ ಲಾಗಿನ್

ಗುರುವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ, ಸಿದ್ಧಾರ್ಥನಗರದ ಸುಮುಹೂರ್ತ ಕ್ಯಾಲೆಂಡರ್ ಆಫೀಸಿನಲ್ಲಿ ಮುಂದಿನ ವರ್ಷ ಕಾಣೆಯಾಗಿರುವುದು ಗೊತ್ತಾಯಿತು. ಜನವರಿಯಿಂದ ಡಿಸೆಂಬರಿನವರೆಗೆ ಒಂದು ದಿನವೂ ಉಳಿದಿರಲಿಲ್ಲ. ತಿಥಿ, ನಕ್ಷತ್ರ, ಗ್ರಹಣ, ಸರ್ಕಾರಿ ರಜೆ, ಪ್ರತಿ ಹಾಳೆಯ ಅಡಿಗೆ ಹಾಕಲು ಬರೆಸಿಟ್ಟಿದ್ದ ಗಾದೆಗಳು, ಎಲ್ಲವೂ ಕಸ ಗುಡಿಸಿದಂತೆ ಸರ್ವರಿನಿಂದ ಹೊರಟುಹೋಗಿದ್ದವು. ಅಚ್ಚಿಗೆ ಕಳಿಸಲು ಉಳಿದಿದ್ದದ್ದು ಇಪ್ಪತ್ತು ದಿನ.

ಮೊದಲು ಕೂಗಿದವರು ಮಾಲೀಕ ಮಹದೇವು. ಅವರು ಕೂಗಿದರೆ ಕೆಳಗಿನ ಬೇಕರಿಯಲ್ಲಿ ಪಫ್ ತಿನ್ನುತ್ತಿದ್ದವರೂ ತಲೆಯೆತ್ತಿ ನೋಡಬೇಕು, ಅಂಥ ಗಂಟಲು. ತಿ. ನರಸೀಪುರದ ಕಡೆಯ ಒಕ್ಕಲು ಮನೆತನದವರು. ಮದುವೆ ಕಾಗದ ಅಚ್ಚು ಹಾಕುತ್ತಾ ಹಾಕುತ್ತಾ ಕ್ಯಾಲೆಂಡರಿಗೆ ಬಂದು, ಮೂರು ಜಿಲ್ಲೆಯ ಅಡುಗೆಮನೆ ಗೋಡೆಗಳಿಗೆ ಮೊಳೆ ಹೊಡೆಸಿದ ಆಸಾಮಿ.

"ಕೀರ್ತೀ! ವರ್ಷ ಎಲ್ಲಮ್ಮಾ?"

ಕೀರ್ತಿ ಊಟದ ಡಬ್ಬಿ ತೊಳೆಯುತ್ತಿದ್ದವಳು ಕೈ ಒರೆಸಿಕೊಂಡು ಬಂದಳು. ಇಪ್ಪತ್ತೇಳು ವರ್ಷ, ಅಶೋಕಪುರಂನ ದಲಿತ ಮನೆತನದ ಹುಡುಗಿ. ಆಫೀಸಿನ ಕಂಪ್ಯೂಟರುಗಳೆಲ್ಲ ಅವಳ ಸುಪರ್ದಿಗೆ ಸೇರಿದವು. ಪರದೆ ನೋಡಿದಳು, ಎರಡು ಸಾಲು ಟೈಪ್ ಮಾಡಿದಳು, ಇನ್ನೊಮ್ಮೆ ನೋಡಿದಳು.

"ಇದೆ ಸಾರ್. ದಿನಾ ಸಾಯಂಕಾಲ ಒಂದು ನಕಲು ತೆಗೆದಿಡ್ತೀನಿ. ನಿನ್ನೇದು ಇದೆ. ಒಂದು ಗಂಟೆ ಕೊಡಿ."

ಐವತ್ತು ನಿಮಿಷದಲ್ಲಿ ಮುಂದಿನ ವರ್ಷ ವಾಪಸು ಬಂತು. ನಷ್ಟವಾದದ್ದು ಅಂದಿನ ಬೆಳಗಿನ ಕೆಲಸವೊಂದೇ: ಅಗ್ರಹಾರದ ಸುಬ್ಬಾಜೋಯಿಸರು ತಿದ್ದಿದ್ದ ಆರು ಏಕಾದಶಿ. ಅದನ್ನು ಮತ್ತೆ ತಿದ್ದಲು ಇಪ್ಪತ್ತು ನಿಮಿಷ ಸಾಕಿತ್ತು. ಜೋಯಿಸರು ಅದರ ಬಗ್ಗೆ ಫೋನಿನಲ್ಲಿ ಒಂದೂವರೆ ಗಂಟೆ ಮಾತಾಡಿದರು.

ಸುಮುಹೂರ್ತಕ್ಕೆ ಪಂಚಾಂಗದ ಕೆಲಸ ಮಾಡುವವರು ಯಾರೂ ಆಫೀಸಿಗೆ ಬರುವವರಲ್ಲ. ಮೂವರೂ ತಮ್ಮ ತಮ್ಮ ಮನೆಯಲ್ಲೇ ಕೂತು, ಇಂಟರ್ನೆಟ್ಟಿನ ಮೂಲಕ ಸರ್ವರಿನೊಳಕ್ಕೆ ಬಂದು, ಲೆಕ್ಕದ ಪ್ರೋಗ್ರಾಮು ಓಡಿಸಿ, ತಿದ್ದಿ, ಹೋಗುತ್ತಿದ್ದರು. ಒಬ್ಬರು ಸುಬ್ಬಾಜೋಯಿಸರು. ಇನ್ನೊಬ್ಬರು ರಾಮಯ್ಯ ಮೇಷ್ಟ್ರು, ಹೈಸ್ಕೂಲಿನಲ್ಲಿ ಗಣಿತ ಹೇಳಿ ರಿಟೈರ್ ಆದವರು, ರಾಹು ಅಂದರೆ ಸೂರ್ಯ ಚಂದ್ರರ ದಾರಿ ಕೂಡುವ ಒಂದು ಚುಕ್ಕಿ, ಅದಕ್ಕಿಂತ ಹೆಚ್ಚಿನ ಮರ್ಯಾದೆ ಅದಕ್ಕೆ ಬೇಡ ಅನ್ನುವವರು. ಮೂರನೆಯವರು ವಿಜಯನಗರದ ದೈವಜ್ಞ ಶ್ರೀ ಹೆಚ್. ಅಣ್ಣಯ್ಯ ಗುರೂಜಿ. ಬೆಳಿಗ್ಗೆ ಹೊತ್ತು ಲೋಕಲ್ ಚಾನೆಲ್ಲಿನಲ್ಲಿ ರೇಷ್ಮೆ ಶಾಲು ಹೊದ್ದು, ಯಾವ ರಾಶಿಯವರು ಯಾವ ದಿಕ್ಕಿಗೆ ಹೋಗಬಾರದು ಅಂತ ಹೇಳುವವರು ಇವರೇ. ಮೈಸೂರಿನ ಟ್ರಾಫಿಕ್ಕು ಅರ್ಧ ಅವರ ಮಾತಿನ ಮೇಲೆ ನಡೆಯುತ್ತಿತ್ತು ಅಂತ ಅವರ ನಂಬಿಕೆ.

ಈ ಮೂವರಿಗೂ ಸೇರಿ ಇದ್ದದ್ದು ಒಂದೇ ಹೆಸರು, ಒಂದೇ ಪಾಸ್‌ವರ್ಡು. ಬೇರೆ ಬೇರೆ ಕೊಡೋಣ ಅಂತ ಕೀರ್ತಿ ಸೇರಿದ ತಿಂಗಳಲ್ಲೇ ಹೇಳಿದ್ದಳು. "ದೊಡ್ಡೋರು ಕಣಮ್ಮ, ಅನುಮಾನ ಪಟ್ಟಂಗಾಗತ್ತೆ," ಅಂದು ಮಹದೇವು ಬೇಡ ಅಂದುಬಿಟ್ಟಿದ್ದರು. ಅದರ ಫಲ ಈಗ ಕಣ್ಣೆದುರಿಗಿತ್ತು. ಅಳಿಸಿದ್ದು ಹೇಗೆ ಅನ್ನುವುದು ಸರ್ವರಿನಲ್ಲಿ ಬರೆದಿತ್ತು: ಯಾರೋ ಕಾರ್ತಿಕಮಾಸದ ಹಳೇ ಕರಡುಗಳನ್ನು ಅಳಿಸಲು ಹೋಗಿ, 'ಕಾರ್ತಿಕ' ಅನ್ನುವ ಪದಕ್ಕೂ ಅದರ ಮುಂದಿನ ನಕ್ಷತ್ರ ಚಿಹ್ನೆಗೂ ನಡುವೆ ಅಪ್ಪಿತಪ್ಪಿ ಒಂದು ಖಾಲಿ ಜಾಗ ಬಿಟ್ಟಿದ್ದರು. ನಕ್ಷತ್ರ ಒಂಟಿಯಾಗಿ ನಿಂತರೆ ಕಂಪ್ಯೂಟರಿನ ಭಾಷೆಯಲ್ಲಿ 'ಎಲ್ಲ' ಅಂತ ಅರ್ಥ. ಎಲ್ಲವೂ ಹೋಯಿತು. ಯಾವಾಗ ಅನ್ನುವುದೂ ಬರೆದಿತ್ತು: ಒಂದು ಗಂಟೆ ಐವತ್ತೆರಡು ನಿಮಿಷ. ಯಾರು ಅನ್ನುವುದು ಮಾತ್ರ ಬರೆದಿರಲಿಲ್ಲ. ಹೆಸರು ಒಂದೇ ಆದಮೇಲೆ ಅದಾದರೂ ಎಲ್ಲಿಂದ ಬರೆದೀತು?

ಮಾರನೇ ದಿನ ಬೆಳಿಗ್ಗೆ ಮಹದೇವು ಮೂವರನ್ನೂ ವಿಡಿಯೋ ಕಾಲಿಗೆ ಕೂರಿಸಿದರು. ಮೇಷ್ಟ್ರ ಕೆನ್ನೆ ಊದಿತ್ತು. ಹಿಂದಿನ ದಿನ ವರ್ಷ ಅಳಿಸಿಹೋದ ಹೊತ್ತಿಗೆ ಸರಿಯಾಗಿ ಅವರು ದವಡೆ ಹಲ್ಲು ಕೀಳಿಸಿಕೊಳ್ಳುತ್ತಿದ್ದರು. ಡಾಕ್ಟರ ಚೀಟಿಯನ್ನೂ ಕಿತ್ತ ಹಲ್ಲನ್ನೂ ಕ್ಯಾಮರಾಗೆ ಹಿಡಿದು ತೋರಿಸಿದರು.

"ಎಷ್ಟು ಹೊತ್ತಿಗೆ ಅಂದಿರಿ?" ಸುಬ್ಬಾಜೋಯಿಸರು ಕೇಳಿದರು.

"ಒಂದು ಐವತ್ತೆರಡು," ಕೀರ್ತಿ ಹೇಳಿದಳು.

"ಗುರುವಾರ ಒಂದೂವರೆಯಿಂದ ಮೂರು ರಾಹುಕಾಲವಮ್ಮ. ಆ ಹೊತ್ತಿನಲ್ಲಿ ನಾನು ಚಪ್ಪಲಿ ಕೂಡಾ ಮೆಟ್ಟಲ್ಲ."

ಅಣ್ಣಯ್ಯ ಗುರೂಜಿ ಶಾಲು ಸರಿಮಾಡಿಕೊಂಡರು. ಟಿವಿಯ ಕನ್ನಡದಲ್ಲೇ ಮಾತಾಡಿದರು. "ಮಹದೇವು ಅವರೇ, ರಾಹುಕಾಲದಲ್ಲಿ ನಮ್ಮಲ್ಲಿ ಯಾರೂ ಯಂತ್ರವನ್ನು ಸ್ಪರ್ಶಿಸುವುದಿಲ್ಲ. ಇದು ನಮ್ಮ ವೃತ್ತಿಧರ್ಮ. ರಾಹುಕಾಲ ಎಂದರೇನೆಂದೇ ಲೆಕ್ಕಕ್ಕಿಡದ ಮನೆಯವರು ತಮ್ಮ ಕಚೇರಿಯಲ್ಲಿ ಯಾರಿದ್ದಾರೋ, ಅಲ್ಲಿ ವಿಚಾರಿಸಿದರೆ ಒಳಿತು."

ಆಫೀಸಿನಲ್ಲಿ ಕೂತು ಕೆಲಸ ಮಾಡುವವರೇ ಇಬ್ಬರು, ಮಹದೇವು ಮತ್ತು ಕೀರ್ತಿ. ಮಹದೇವು ಎಲ್ಲ ಕಡೆ ನೋಡಿದರು, ಕೀರ್ತಿಯ ಕಡೆ ಮಾತ್ರ ನೋಡಲಿಲ್ಲ. ಅದರಿಂದಲೇ ಅವಳಿಗೆ ಅರ್ಥವಾಯಿತು. ಕಾಲ್ ಮುಗಿದ ಮೇಲೆ ಅವರು ಪೇಪರ್‌ವೆಯ್ಟ್ ತಿರುಗಿಸುತ್ತಾ, "ಕೀರ್ತಿ, ನೀನೇನಾದ್ರೂ ಗೊತ್ತಿಲ್ದೆ..." ಅಂತ ಶುರು ಮಾಡಿದರು.

"ನಾನು ಗೊತ್ತಿದ್ದು ಕೆಲಸ ಮಾಡೋಳು ಸಾರ್. ಗೊತ್ತಿಲ್ದೆ ಮಾಡಿದ್ದಿದ್ರೆ ನಿಮ್ಮ ವರ್ಷ ವಾಪಸ್ ಬರ್ತಿರಲಿಲ್ಲ."

"ಆಯ್ತು ಬುಡು, ಕೋಪ ಮಾಡ್ಕೋಬೇಡ."

ಕೋಪ ಅವಳು ಮನೆಗೆ ಹೋಗಿ ಮಾಡಿಕೊಂಡಳು. ಅಪ್ಪ ಮಂಟಯ್ಯ ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಪೂರ್ತಿ ಕೇಳಿಸಿಕೊಂಡು ನಕ್ಕುಬಿಟ್ಟರು.

"ನಾವು ಲೆಕ್ಕಕ್ಕಿಡಲ್ಲ ಅಂತ ಯಾರಂದೋರು? ನನ್ನ ನಿಮ್ಮವ್ವನ ಮದ್ವೆ ಆಗಿದ್ದೇ ಭಾನುವಾರ ಐದು ಗಂಟೆಗೆ, ಗಟ್ಟಿ ರಾಹುಕಾಲದಲ್ಲಿ. ಬೇಕಂತಲೇ ಲೆಕ್ಕ ಹಾಕಿ ಇಟ್ಕೊಂಡಿದ್ದು. ಛತ್ರ ಖಾಲಿ ಹೊಡೀತಿತ್ತು, ಕೇಳಿದ ತಕ್ಷಣ ಕೊಟ್ಬುಟ್ರು."

"ಅದ್ಕೇ ನೋಡು ನನ್ ಗತಿ ಇಂಗಾಗಿರೋದು," ಒಳಗಿನಿಂದ ಬಸವಮ್ಮನ ದನಿ ಬಂತು.

ಕೀರ್ತಿಗೆ ನಗು ಬರಲಿಲ್ಲ. ಕೆಲಸದಲ್ಲಿ ತಪ್ಪು ಹುಡುಕಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಅವರು ಹುಡುಕಿದ್ದು ಮನೆಯಲ್ಲಿ.

ಸೋಮವಾರ ಅವಳು ಮಹದೇವು ಮುಂದೆ ನಿಂತು ಹೇಳಿದಳು: ಇನ್ನು ಮೇಲೆ ಒಬ್ಬೊಬ್ಬರಿಗೆ ಒಂದೊಂದು ಹೆಸರು. ಅದರ ಜೊತೆ ಒಂದು ಟೂಲ್ ಹಾಕುತ್ತೇನೆ. ದೂರದಿಂದ ಒಳಗೆ ಬಂದವರು ಏನೇನು ಟೈಪ್ ಮಾಡಬಹುದು ಅಂತ ಅದರಲ್ಲಿ ಒಂದು ಪಟ್ಟಿ ಇರುತ್ತದೆ. ಪಟ್ಟಿಯಲ್ಲಿ ಇಲ್ಲದ್ದು ಟೈಪ್ ಮಾಡಿದರೆ ಎಚ್ಚರಿಕೆ ಬರುತ್ತದೆ. ಮೂರು ಸಲ ತಪ್ಪಿದರೆ ಅದೇ ಹೊರಗೆ ಹಾಕಿ ಬಾಗಿಲು ಮುಚ್ಚುತ್ತದೆ. ನಾನೇ ತೆಗೆಯಬೇಕು. ಯಾರು ಏನು ಟೈಪ್ ಮಾಡಿದರು ಅಂತ ಹೆಸರು, ಗಳಿಗೆ ಸಮೇತ ಬರೆದಿಟ್ಟುಕೊಳ್ಳುತ್ತದೆ.

"ಗುರೂಜಿನೂ ಹೊರಗೆ ಹಾಕತ್ತಾ?" ಮಹದೇವು ಗಾಬರಿಯಾದರು.

"ಅದಕ್ಕೆ ಗುರೂಜಿ ಯಾರು ಅಂತ ಗೊತ್ತಿರಲ್ಲ ಸಾರ್."

ಮಹದೇವು ಯೋಚನೆ ಮಾಡಿದರು. ಕೊನೆಗೆ, "ಹಾಕು. ಆದ್ರೆ ಒಳ್ಳೇ ಮುಹೂರ್ತ ನೋಡಿ ಹಾಕು," ಅಂದರು.

ಮುಹೂರ್ತಕ್ಕೇ ಎರಡು ದಿನ ಹಿಡಿಯಿತು. ಸುಬ್ಬಾಜೋಯಿಸರು ಮುಂದಿನ ಬುಧವಾರ ಅಂದರು. ಗುರೂಜಿ ಶುಕ್ರವಾರ ಹನ್ನೆರಡು ಹತ್ತು ಅಂದರು. ಬುಧವಾರ ಹೇಳುವವರಿಗೆ ಗಣಿತ ಬರುವುದಿಲ್ಲ ಅಂತ ಒಬ್ಬರು, ಶುಕ್ರವಾರ ಹೇಳುವವರಿಗೆ ಶಾಸ್ತ್ರ ಬರುವುದಿಲ್ಲ ಅಂತ ಇನ್ನೊಬ್ಬರು. ಟಿವಿಯಲ್ಲಿ ಬರುವವರು ಅನ್ನುವ ಕಾರಣಕ್ಕೆ ಶುಕ್ರವಾರ ಗೆದ್ದಿತು.

ಅಷ್ಟರಲ್ಲಿ ಕೀರ್ತಿ ತನ್ನ ಲ್ಯಾಪ್‌ಟಾಪಿನಲ್ಲಿ ಟೂಲನ್ನು ಹಾಕಿ ಪರೀಕ್ಷೆ ಮಾಡುತ್ತಿದ್ದಳು. ಪಟ್ಟಿಯಲ್ಲಿ ಇಟ್ಟದ್ದು ಐದೇ: ಫೈಲುಗಳ ಹೆಸರು ನೋಡುವುದು, ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಹೋಗುವುದು, ಲೆಕ್ಕದ ಪ್ರೋಗ್ರಾಮು ಓಡಿಸುವುದು, ತಿದ್ದುವುದು, ಆಚೆ ಹೋಗುವುದು. ಅಳಿಸುವುದು ಯಾರಿಗೂ ಇಲ್ಲ. ಎಚ್ಚರಿಕೆಯ ಮಾತು ಇಂಗ್ಲಿಷಿನಲ್ಲಿತ್ತು. ಅದನ್ನು ಸರ್ಕಾರಿ ಕಚೇರಿಯ ಬೋರ್ಡಿನ ಕನ್ನಡಕ್ಕೆ ಬದಲಾಯಿಸಿದಳು: 'ಈ ಆಜ್ಞೆಗೆ ತಮಗೆ ಅನುಮತಿ ಇರುವುದಿಲ್ಲ. ಇನ್ನೆರಡು ಬಾರಿ ತಪ್ಪಿದಲ್ಲಿ ಹೊರಹಾಕಲಾಗುವುದು.' ಹೀಗೆ ಬರೆದಾಗ ಅವಳಿಗೆ ಸ್ವಲ್ಪ ಖುಷಿಯಾಗಿದ್ದು ಸುಳ್ಳಲ್ಲ.

ಪರೀಕ್ಷೆಗೆ ಮೇಷ್ಟ್ರನ್ನು ಕರೆದಳು. ಕಾಲು ಗಂಟೆಯಲ್ಲಿ ಅವರ ಫೋನು ಬಂತು.

"ಬೇಲಿ ಚೆನ್ನಾಗಿ ಹಾಕಿದ್ದೀಯ ಕಣಮ್ಮ. ಆದ್ರೆ ನಾನೀಗ ಆಚೆ ನಿಂತಿದ್ದೀನಲ್ಲ?"

"ಹೇಗೆ ಸಾರ್?"

"ತಿದ್ದೋ ಪ್ರೋಗ್ರಾಮಿನ ಒಳಗಿಂದ. ಅದರಲ್ಲಿ ಒಂದು ಆಶ್ಚರ್ಯಸೂಚಕ ಹಾಕಿ ಆಜ್ಞೆ ಬರೆದರೆ ನೇರ ಹೊರಗೆ ಬರಬಹುದು. ಬಾಗಿಲಿಗೆ ಬೀಗ ಹಾಕಿ ಕಿಟಕಿ ತೆಗೆದಿಟ್ಟಂಗೆ."

ಕೀರ್ತಿ ನಾಲಿಗೆ ಕಚ್ಚಿಕೊಂಡಳು. ಆ ಎಡಿಟರನ್ನೇ ತೆಗೆದು, ಹೊರಗೆ ದಾರಿ ಇಲ್ಲದ ಇನ್ನೊಂದನ್ನು ಇಟ್ಟಳು. ಮೇಷ್ಟ್ರು ಇನ್ನೂ ಒಂದು ತಾಸು ಪ್ರಯತ್ನಪಟ್ಟು, ಸೋತು, ತುಂಬ ಸಂತೋಷಪಟ್ಟರು.

ಶುಕ್ರವಾರ ಬಂತು. ಹತ್ತು ಗಂಟೆಯೊಳಗೆ ಎಲ್ಲರೂ ಆಚೆ ಹೋಗಿರಬೇಕು, ಹನ್ನೆರಡು ಹತ್ತಕ್ಕೆ ಕೆಲಸ ಶುರು ಅಂತ ವಾಟ್ಸಾಪಿನಲ್ಲಿ ಹಾಕಿದ್ದಳು. ಆದರೆ ಅವಳ ಮನಸ್ಸಿನಲ್ಲಿದ್ದದ್ದು ಬೇರೆ. ಹನ್ನೆರಡು ಹತ್ತಕ್ಕೆ ಶುರು ಮಾಡಿದರೆ ಮಹದೇವು ಹೆಗಲ ಮೇಲಿಂದ ಇಣುಕುತ್ತಾರೆ, ನಡುವೆ ಏನಾದರೂ ಕೆಟ್ಟರೆ ಮುಹೂರ್ತಕ್ಕೂ ಅವಳಿಗೂ ಸೇರಿಸಿ ಬೈಯುತ್ತಾರೆ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ. ಆ ಒಂದೂವರೆ ಗಂಟೆ ಸರ್ವರಿನ ಹತ್ತಿರ ಒಂದು ನರಪಿಳ್ಳೆಯೂ ಸುಳಿಯುವುದಿಲ್ಲ ಅಂತ ಅವರೇ ಆಣೆ ಹಾಕಿ ಹೇಳಿದ್ದರಲ್ಲ! ಅದಕ್ಕಿಂತ ಒಳ್ಳೆ ಗಳಿಗೆ ಇನ್ನೆಲ್ಲಿ ಸಿಗಬೇಕು? ಮಹದೇವು ಹೊಸ ವ್ಯವಹಾರದ ಮಾತು ಬೇಡ ಅಂತ ರಾಹುಕಾಲದಲ್ಲಿ ಬೇಕರಿಗೆ ಇಳಿದುಬಿಡುವವರು. ಅವರು ಇಳಿದ ಕೂಡಲೆ ಕೀರ್ತಿ ಕೆಲಸಕ್ಕೆ ಕೂತಳು.

ಮೂರು ಹೆಸರು ಹುಟ್ಟಿಸಿದಳು. ಟೂಲ್ ಹಾಕಿದಳು. ಪಟ್ಟಿ ಬರೆದಳು. ಹಳೇ ಹೆಸರನ್ನು ಮುಚ್ಚುವ ಮೊದಲು, ಅಭ್ಯಾಸಬಲದಿಂದ, ಒಳಗೆ ಯಾರಾದರೂ ಇದ್ದಾರಾ ಅಂತ ಕೇಳಿದಳು.

ಒಬ್ಬರಿದ್ದರು.

ಹತ್ತು ನಲವತ್ತೆಂಟಕ್ಕೆ ಬಂದಿದ್ದರು. ಕಾರ್ತಿಕಮಾಸದ ಫೋಲ್ಡರಿನಲ್ಲಿ ಕೂತು ಮನೆಯವರಂತೆ ನೆಮ್ಮದಿಯಾಗಿ ಕೆಲಸ ಮಾಡುತ್ತಿದ್ದರು. ಕೀರ್ತಿಯ ಬೆನ್ನು ತಾನಾಗಿ ನೆಟ್ಟಗಾಯಿತು. ಒಂದು ಪರದೆಯಿಂದ ಇನ್ನೊಂದು ಪರದೆಗೆ ಮಾತು ಕಳಿಸುವ ಹಳೇ ಆಜ್ಞೆಯೊಂದಿತ್ತು. ಅದರಲ್ಲಿ ಟೈಪ್ ಮಾಡಿದಳು.

'ಯಾರು?'

ಆ ಕಡೆ ಕೆಲಸ ನಿಂತಿತು. ಆಮೇಲೆ ಬಂತು:

'ನೀವು ಯಾರು?'

'ಕೀರ್ತಿ. ಆಫೀಸಿಂದ. ರಾಹುಕಾಲ ಅಲ್ವಾ ಈಗ?'

ಪರದೆ ಖಾಲಿಯಾಯಿತು. ಬಂದವರು ಬಾಗಿಲನ್ನೂ ಹಾಕಿಕೊಳ್ಳದೆ ಓಡಿಹೋಗಿದ್ದರು. ಕೀರ್ತಿ ಹಳೇ ಹೆಸರನ್ನು ಮುಚ್ಚಿ, ಬಾಟಲಿ ಎತ್ತಿ ನೀರು ಕುಡಿದಳು. ಹನ್ನೆರಡು ಹತ್ತಕ್ಕೆ ಮಹದೇವು ಬಂದು ಸರ್ವರಿಗೆ ಕುಂಕುಮವಿಟ್ಟು, ಊದುಬತ್ತಿ ಹಚ್ಚಿ, "ಹೂಂ, ಶುರು ಮಾಡಮ್ಮ," ಅಂದರು. ಅವಳು ಎಂಟರ್ ಗುಂಡಿಯನ್ನು ಭಕ್ತಿಯಿಂದ ಒಂದು ಸಲ ಒತ್ತಿದಳು. "ಆಯ್ತು ಸಾರ್," ಅಂದಳು. ಇಷ್ಟು ಬೇಗ ಮುಗಿಯಿತಲ್ಲ, ಮುಹೂರ್ತ ಅಂದರೆ ಮುಹೂರ್ತ ಅಂತ ಮಹದೇವು ಬೆರಗಾದರು.

ಸಂಜೆ ಮೂವರಿಗೂ ಹೊಸ ಹೆಸರು, ಹೊಸ ಪಾಸ್‌ವರ್ಡು, ಜೊತೆಗೆ ಎರಡು ಪುಟದ ಸೂಚನೆ ಹೋಯಿತು. ಮಾಡಿದ್ದೆಲ್ಲ ದಾಖಲಾಗುತ್ತದೆ ಅಂತ ಎರಡನೇ ಪುಟದಲ್ಲಿ ಬರೆದಿತ್ತು. ಎರಡನೇ ಪುಟವನ್ನು ಈ ಲೋಕದಲ್ಲಿ ಯಾರು ಓದಿದ್ದಾರೆ?

ಶನಿವಾರ ಒಂಬತ್ತೂವರೆಗೆ ಕೀರ್ತಿ ಆಫೀಸಿನ ಮೆಟ್ಟಿಲು ಹತ್ತುತ್ತಿದ್ದಾಗ ಫೋನು ಬಂತು.

"ನಮಸ್ಕಾರ. ನಾನು ಅಣ್ಣಯ್ಯ. ತಮ್ಮ ನೂತನ ವ್ಯವಸ್ಥೆ ನನ್ನನ್ನು ಹೊರಹಾಕಿದೆ. ದಯವಿಟ್ಟು ದ್ವಾರ ತೆರೆಯಬೇಕು. ಕಾರ್ತಿಕದ ತಿದ್ದುಪಡಿ ಇವತ್ತು ಮಧ್ಯಾಹ್ನದೊಳಗೆ ಕೊಡಬೇಕಾಗಿದೆ."

"ತೆಗೀತೀನಿ ಗುರೂಜಿ. ಯಾವಾಗ ಹೊರಗೆ ಹಾಕ್ತು?"

"ಈಗ... ಸ್ವಲ್ಪ ಹೊತ್ತಿಗೆ ಮುಂಚೆ. ಎಂಟೂಮುಕ್ಕಾಲು ಎಂದಿಟ್ಟುಕೊಳ್ಳಿ."

ಕೀರ್ತಿ ಕುರ್ಚಿಯಲ್ಲಿ ಕೂತು ಪರದೆ ತೆರೆದಳು. "ಇಲ್ಲಿ ಒಂಬತ್ತು ಇಪ್ಪತ್ತೆರಡು ಅಂತಿದೆ."

ಶನಿವಾರ ರಾಹುಕಾಲ ಒಂಬತ್ತರಿಂದ ಹತ್ತೂವರೆ. ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಹೇಳಲಿಲ್ಲ.

"ಮೂರು ತಪ್ಪೂ ಬರೆದಿದೆ ಗುರೂಜಿ. ಮೊದಲನೇದು ಅಳಿಸೋ ಆಜ್ಞೆ. ಎರಡನೇದೂ ಅದೇ, ಬೇರೆ ಥರ. ಮೂರನೇದು..." ಅವಳು ತಡೆದಳು.

"ಮೂರನೆಯದು?"

"'ಥೂ ನಿನ್ನ ಮಕಕ್ಕೆ' ಅಂತಿದೆ. ಅದು ಪಟ್ಟಿಯಲ್ಲಿಲ್ಲ."

ಗುರೂಜಿ ದೀರ್ಘವಾಗಿ ಉಸಿರು ಬಿಟ್ಟಿದ್ದು ಫೋನಿನಲ್ಲಿ ಗಾಳಿ ಬೀಸಿದಂತೆ ಕೇಳಿಸಿತು. ಮಾತಾಡಿದಾಗ ಟಿವಿಯ ಕನ್ನಡ ಎಲ್ಲೋ ಬಿದ್ದುಹೋಗಿತ್ತು. "ಮನೆಗೆ ಒಸಿ ಬತ್ತೀಯಾ ತಾಯಿ? ಫೋನಲ್ಲಿ ಬ್ಯಾಡ."

ವಿಜಯನಗರದ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಗೇಟಿನ ಮೇಲೆ ಗುರೂಜಿಯ ಭಾವಚಿತ್ರದ ಬೋರ್ಡು, ಆಳುದ್ದ. ಅದರ ಕೆಳಗೆ ತುಕ್ಕು ಹಿಡಿದ ಹಳೇ ಟಪಾಲು ಡಬ್ಬಿ. ಅದರ ಮೇಲೆ ಬಿಳಿ ಬಣ್ಣದಲ್ಲಿ 'ಹುಚ್ಚಣ್ಣ' ಅಂತ ಬರೆದಿತ್ತು. ಕೀರ್ತಿ ಸ್ಕೂಟರಿಗೆ ಸ್ಟ್ಯಾಂಡ್ ಹಾಕುತ್ತಾ ಎರಡನ್ನೂ ಸೇರಿಸಿ ಓದಿದಳು. ಹೆಚ್. ಅಣ್ಣಯ್ಯ. ಓಹೋ.

ವರಾಂಡದಲ್ಲಿ ಜಾತಕ ಹಿಡಿದ ಏಳೆಂಟು ಜನ. ಹತ್ತೂವರೆ ಕಳೆದದ್ದೇ ತಡ, ಬಂದು ಕೂತಿದ್ದರು. ಗುರೂಜಿಯ ಹೆಂಡತಿ ಬೆಟ್ಟಮ್ಮ ಅವರನ್ನೆಲ್ಲ ದಾಟಿಸಿ ಕೀರ್ತಿಯನ್ನು ಮಹಡಿಗೆ ಕರೆದುಕೊಂಡು ಹೋದರು.

"ಅಶೋಕಪುರದೋರಂತಲ್ಲ ನೀನು? ಇವ್ರು ಏಳಿದ್ರು. ಕೂತ್ಕೊ ಮಗ, ಕಾಫಿ ತತ್ತೀನಿ."

ಮಹಡಿಯ ಕೋಣೆಯಲ್ಲಿ ಗುರೂಜಿ ಬನಿಯನ್ನು, ಲುಂಗಿಯಲ್ಲಿ ಕೂತಿದ್ದರು. ಶಾಲಿಲ್ಲದೆ ಅವರು ಚಿಕ್ಕದಾಗಿ ಕಂಡರು. ಗೋಡೆ ಪೂರ್ತಿ ಪುಸ್ತಕ, ನೋಟುಬುಕ್ಕು, ಪೆನ್ಸಿಲಿನಲ್ಲಿ ಮಾಡಿದ ಲೆಕ್ಕ. ಮೇಜಿನ ಮೇಲೆ ಲ್ಯಾಪ್‌ಟಾಪು, ಅದರ ಪರದೆಯಲ್ಲಿ ಇನ್ನೂ ಅವಳು ಬರೆದ ವಾಕ್ಯ ನಿಂತಿತ್ತು: ತಮ್ಮನ್ನು ಹೊರಹಾಕಲಾಗಿದೆ.

"ಗುರುವಾರ ಅಳಿಸಿದ್ದು ನಾನೇ," ಅವರೇ ಶುರು ಮಾಡಿದರು. "ಬೇಕಂತ ಅಲ್ಲ. ಒಂದು ಖಾಲಿ ಜಾಗ ಜಾಸ್ತಿಯಾಗ್ಬುಡ್ತು."

"ಅದು ಗೊತ್ತು. ರಾಹುಕಾಲದಲ್ಲಿ ಯಾಕೆ ಕೂತಿದ್ರಿ?"

ಗುರೂಜಿ ಅವಳನ್ನು ಪಾಪ, ಇಷ್ಟೂ ತಿಳಿಯದ ಹುಡುಗಿ ಅನ್ನುವಂತೆ ನೋಡಿದರು. "ಕೆಳಗೆ ನೋಡ್ದೆಯಲ್ಲಮ್ಮ ಜನಾನ? ಬೆಳಿಗ್ಗೆ ಆರಕ್ಕೆ ಬಂದು ಕೂತ್ರೆ ಮಲಗೋವರ್ಗೂ ಬಿಡಲ್ಲ. ಮಗೀಗೆ ಹೆಸರು, ಮಗಳಿಗೆ ಗಂಡು, ಬೋರ್‌ವೆಲ್‌ಗೆ ಜಾಗ. ರಾಹುಕಾಲದಲ್ಲಿ ಮಾತ್ರ ಒಬ್ರೂ ಬರಲ್ಲ. ನಂಗೆ ದಿನಕ್ಕೆ ಸಿಗೋ ಬಿಡುವೇ ಅದೊಂದು ಒಂದೂವರೆ ಗಂಟೆ. ಅದರಲ್ಲೇ ಲೆಕ್ಕ ಮಾಡ್ಬೇಕು, ಅದರಲ್ಲೇ ಊಟ ಮಾಡ್ಬೇಕು."

ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತುಗಳಲ್ಲಿ ಅರ್ಧವನ್ನು ಕೀರ್ತಿ ಅಲ್ಲೇ ಬಿಟ್ಟಳು. ಆದರೆ ಕೋಪ ಇನ್ನೂ ಇತ್ತು.

"ಕೂತ್ಕೊಳ್ಳಿ, ಅದು ನಿಮ್ಮಿಷ್ಟ. ನನ್ನ ಮನೆ ಯಾಕೆ ಎಳೆದ್ರಿ?"

ಅವರು ಲುಂಗಿಯ ಅಂಚನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. "ಹೆದರ್ಕೊಂಡ್ಬುಟ್ಟೆ. ಅಗ್ರಾರದೋರು ಕೂತಿದ್ರಲ್ಲ ಎದುರಿಗೆ. ನಮ್ಮಪ್ಪ ನಂಜನಗೂಡಿನ ಕಡೆ ರಾಗಿ ಬೆಳೀತಿದ್ದೋರು. ನಾನು ಇದನ್ನ ಕಲಿಯಕ್ಕೆ ಯಾರ್ಯಾರ ಮನೆ ಜಗಲಿ ಕಾದಿದ್ದೀನಿ ಅಂತ ನಿಂಗೊತ್ತಿಲ್ಲ. ಅವರು ತಪ್ಪು ಮಾಡಿದ್ರೆ ಪಾಠಾಂತರ ಅಂತಾರೆ ಕಣಮ್ಮ. ನಾನು ತಪ್ಪು ಮಾಡಿದ್ರೆ ಹುಚ್ಚಣ್ಣ ಅಂತಾರೆ."

"ಅದಕ್ಕೆ ನನ್ನ ಕಡೆ ತಳ್ಳಿದ್ರಿ."

"ಹೂಂ. ತಳ್ಳಿದೆ."

ಹೌದು ಅಂದುಬಿಟ್ಟರಲ್ಲ! ಇಲ್ಲ ಅಂದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಬೆಟ್ಟಮ್ಮ ಕಾಫಿ ತಂದರು. ಗಂಡನಿಗೊಂದು ಲೋಟ, ಅವಳಿಗೊಂದು, ತಮಗೊಂದು, ಮೂರೂ ಒಂದೇ ಥರದ ಸ್ಟೀಲ್ ಲೋಟ. ಕೀರ್ತಿ ಅದನ್ನು ಗಮನಿಸಿದಳು. ಗಮನಿಸುವಂತಾಯಿತಲ್ಲ ಅಂತ ಬೇಸರವೂ ಆಯಿತು. ಬೆಟ್ಟಮ್ಮ ಬಾಗಿಲಿಗೆ ಒರಗಿ ಅಲ್ಲೇ ನಿಂತರು.

"ನನ್ನ ಮೇಲೆ ಹಾಕಿದ್ದನ್ನ ನೀವೇ ತೆಗೀಬೇಕು," ಕೀರ್ತಿ ಹೇಳಿದಳು. "ಮಹದೇವು ಸಾರ್‌ಗೆ ನೀವೇ ಹೇಳಿ. ನಾನು ದಾಖಲೆ ತೋರಿಸಿದರೆ ಅದು ಬೇರೆ ಥರ ಆಗತ್ತೆ."

"ನಂಗೆ ಗೊತ್ತಿಲ್ದೇನು. ಆದ್ರೆ ಟಿವಿಯೋರಿಗೆ ಗೊತ್ತಾದ್ರೆ..."

"ಏಳ್ಬುಡಿ," ಬಾಗಿಲಿನಿಂದ ಬೆಟ್ಟಮ್ಮ ಅಂದರು. "ಟಿವಿ ಓದ್ರೆ ಓಗ್ಲಿ. ಒತ್ತಾರೆ ಐದಕ್ಕೆ ಎದ್ದು ಆ ಶಾಲಿಗೆ ಇಸ್ತ್ರಿ ಆಕೋದಾದ್ರೂ ತಪ್ತದೆ ನಂಗೆ."

ಗುರೂಜಿ ಹೆಂಡತಿಯನ್ನು ನೋಡಿದರು. ಫೋನ್ ತೆಗೆದರು. ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು.

"ಗುರೂಜಿ! ನಮಸ್ಕಾರ, ನಮಸ್ಕಾರ!" ಮಹದೇವು ಗಂಟಲಿಗೆ ಲೋಟಗಳು ಅದುರಿದವು.

"ಮಾದೇವು ಅವ್ರೇ, ಆ ಗುರುವಾರ ವರ್ಷ ಅಳಿಸಿದ್ದು ನಾನು. ರಾಹುಕಾಲದಲ್ಲಿ ಕೂತು ಕೆಲ್ಸ ಮಾಡ್ತಿದ್ದೆ. ಆ ಹುಡುಗಿ ಏನೂ ಮಾಡಿಲ್ಲ. ನಾನು ಹಂಗಂದಿದ್ದು ತಪ್ಪು."

ಕೀರ್ತಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ರಾಹುಕಾಲದಲ್ಲಾ?" ಮಹದೇವು ಮೆಲ್ಲಗೆ ಕೇಳಿದರು.

"ಹೂಂ."

"ಅದ್ಕೇ!" ಮಹದೇವು ಕೂಗಿದ ರಭಸಕ್ಕೆ ಬೆಟ್ಟಮ್ಮ ಬಾಗಿಲಿನಿಂದ ಹಿಂದೆ ಸರಿದರು. "ಅದ್ಕೇ ಅಳಿಸ್ಹೋಗಿರೋದು! ನಾನೂ ಅವತ್ತಿಂದ ತಲೆ ಕೆಡಿಸ್ಕೊಂಡಿದ್ದೀನಿ, ಇಷ್ಟು ತಿಳಿದೋರಿರೋ ಕಡೆ ಹಿಂಗೆ ಹೆಂಗಾಯ್ತು ಅಂತ. ನೋಡಿದ್ರಾ, ನೋಡಿದ್ರಾ ಕಾಲದ ಮಹಿಮೆ! ನಿಮ್ಮಂಥೋರನ್ನೇ ಬಿಡಲಿಲ್ಲ!"

ಇಷ್ಟು ವರ್ಷ ತಾವೇ ಹೇಳಿಕೊಂಡು ಬಂದದ್ದು ಹೀಗೆ ತಿರುಗಿ ಬಂದು ತಮ್ಮನ್ನೇ ಕಾಪಾಡುತ್ತದೆ ಅಂತ ಗುರೂಜಿಯೂ ಎಣಿಸಿರಲಿಲ್ಲ.

ಕೀರ್ತಿಗೆ ನಗಬೇಕೋ ಫೋನನ್ನು ಕಿಟಕಿಯಿಂದ ಆಚೆ ಎಸೆಯಬೇಕೋ ತಿಳಿಯಲಿಲ್ಲ. "ಕಾಲ ಅಲ್ಲ ಸಾರ್, ಖಾಲಿ ಜಾಗ," ಅಂದಳು.

"ಯಾರದು, ಕೀರ್ತಿನಾ? ನೀನೇನಮ್ಮ ಅಲ್ಲಿ? ಇರಲಿ, ಇರಲಿ. ಕೇಳಿಸ್ಕೋ. ಇನ್ನು ಮೇಲೆ ರಾಹುಕಾಲದಲ್ಲಿ ಯಾರೂ ಸರ್ವರ್ ಒಳಗೆ ಬರದಂಗೆ ಬೀಗ ಹಾಕ್ಬುಡು. ನಿನ್ನ ಟೂಲಿದೆಯಲ್ಲ, ಅದರಲ್ಲೇ."

ಎದುರಿಗೆ ಗುರೂಜಿಯ ಮುಖ ಇಳಿಯಿತು. ಕೆಳಗೆ ಯಾರೋ ಕೆಮ್ಮಿ ಹೊತ್ತಾಯಿತು ಅಂತ ತಿಳಿಸಿದರು. ಕೀರ್ತಿ ಆ ಪೆನ್ಸಿಲ್ ಲೆಕ್ಕಗಳನ್ನೊಮ್ಮೆ ನೋಡಿದಳು, ಅರ್ಧ ತಿಂದಿಟ್ಟ ಇಡ್ಲಿಯ ತಟ್ಟೆಯನ್ನೂ ನೋಡಿದಳು.

"ಆ ಟೂಲು ಆಜ್ಞೆ ತಡೆಯತ್ತೆ ಸಾರ್. ಗಳಿಗೆ ತಡೆಯಲ್ಲ."

ಮಾತು ನಿಜವೇ. ಗಳಿಗೆ ತಡೆಯುವುದಕ್ಕೆ ಬೇರೊಂದು ವ್ಯವಸ್ಥೆ ಇದೆ, ಹತ್ತು ನಿಮಿಷದ ಕೆಲಸ ಅನ್ನುವುದನ್ನು ಅವಳು ಹೇಳಲಿಲ್ಲ, ಅಷ್ಟೆ. ಹೊರಡುವ ಮುಂಚೆ ಗುರೂಜಿಯ ಲ್ಯಾಪ್‌ಟಾಪಿನಲ್ಲೇ ಬಾಗಿಲು ತೆಗೆದುಕೊಟ್ಟಳು. ಅಳಿಸಬೇಕಾದ ಕರಡುಗಳ ಹೆಸರನ್ನು ಚೀಟಿಯಲ್ಲಿ ಬರೆದು ಕೊಡಿ, ನಾನೇ ಅಳಿಸುತ್ತೇನೆ ಅಂದಳು. ಅವರು ಅಲ್ಲೇ ಕೂತು, ಒಳ್ಳೆಯ ಅಕ್ಷರದಲ್ಲಿ, ನಂಬರ್ ಹಾಕಿ ಬರೆದುಕೊಟ್ಟರು.

ಸೋಮವಾರ ಮಹದೇವು ಅವಳನ್ನು ಒಳಗೆ ಕರೆದರು. ಕಾಫಿ ತರಿಸಿಟ್ಟಿದ್ದರು, ಜೊತೆಗೆ ಬೇಕರಿಯಿಂದ ದಿಲ್‌ಪಸಂದ್.

"ಬೇಜಾರಾಯ್ತೇನಮ್ಮ ಅವತ್ತು?"

"ಆಯ್ತು ಸಾರ್."

ಇಂಥ ಪ್ರಶ್ನೆಗೆ ಎಲ್ಲರೂ 'ಇಲ್ಲ ಸಾರ್' ಅನ್ನುವುದು ವಾಡಿಕೆ. ಮಹದೇವು ಅದಕ್ಕೇ ತಯಾರಾಗಿದ್ದರು. ಈಗ ತಲೆಯೆತ್ತಿ ಫ್ಯಾನ್ ನೋಡಿದರು. "ನಾನು ಅವತ್ತು ಬಾಯಿ ಬಿಡಬೇಕಿತ್ತು. ತಪ್ಪಾಯ್ತು ಬುಡು," ಅಂತ ಫ್ಯಾನಿಗೆ ಹೇಳಿದರು. ಮುಖ ಕೆಂಪಾಗಿತ್ತು. ಕೀರ್ತಿ ಅದನ್ನು ಒಪ್ಪಿಕೊಂಡಳು, ಫ್ಯಾನಿನ ಪರವಾಗಿ.

"ಇನ್ನೊಂದು ವಿಷಯ ಸಾರ್. ಮನೆಯಿಂದ ನೀವೂ ಸರ್ವರ್ ಒಳಗೆ ಬರ್ತೀರಲ್ಲ. ನಿಮ್ಮ ಹೆಸರಿಗೆ ಎಲ್ಲ ಅಧಿಕಾರವೂ ಇದೆ. ವರ್ಷ ಒಂದೇ ಅಲ್ಲ, ಇಡೀ ಕಂಪನೀನೇ ಅಳಿಸಬಹುದು ನೀವು."

ಮಹದೇವು ಕೈಯಲ್ಲಿದ್ದ ದಿಲ್‌ಪಸಂದ್ ಕೆಳಗಿಟ್ಟರು. ಅವರು ದೂರದಿಂದ ಏನೇನು ಒತ್ತಿದ್ದರೋ ಅವರಿಗೇ ನೆನಪಿರಲಿಲ್ಲ. ಆ ನೆನಪಿಲ್ಲದಿರುವಿಕೆಯೇ ಅವರನ್ನು ಹೆದರಿಸಿತು.

"ನಂಗೂ ಹಾಕ್ಬುಡು," ಅಂದರು. "ಎಲ್ರಿಗೂ ಒಂದೇ ನ್ಯಾಯ. ನಾಳೆ ಯಾರೂ ಆಡ್ಕೋಬಾರದು."

ಕೀರ್ತಿ ಅವರಿಗೆ ಮೂರೇ ಆಜ್ಞೆ ಇಟ್ಟಳು: ತೆರೆಯುವುದು, ಓದುವುದು, ಮುಚ್ಚುವುದು. ಹೆಸರು, ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಟ್ಟು, ಪರದೆಯನ್ನು ಅವರ ಕಡೆ ತಿರುಗಿಸಿದಳು. ಮಹದೇವು ಕನ್ನಡಕ ಹಾಕಿಕೊಂಡು, ಒಂದೇ ಬೆರಳಿನಲ್ಲಿ, ಒಂದೊಂದು ಅಕ್ಷರಕ್ಕೂ ಉಸಿರು ಬಿಗಿಹಿಡಿದು ಒಳಗೆ ಹೋದರು. ಒಳಗೆ ಹೋದ ಸಂತೋಷಕ್ಕೆ ತಮ್ಮ ಹೆಸರನ್ನು ಪೂರ್ತಿ ಟೈಪ್ ಮಾಡಿ ಎಂಟರ್ ಒತ್ತಿದರು.

"ಕೀರ್ತೀ! ನಂಗೇ ಅನುಮತಿ ಇರುವುದಿಲ್ಲ ಅಂತಿದೆಯಲ್ಲಮ್ಮಾ ಇದು!"

ಅವಳು ಆಗಲೇ ತನ್ನ ಕುರ್ಚಿಗೆ ಹೋಗಿ ಕೂತಿದ್ದಳು. "ಇನ್ನೂ ಎರಡು ಸಲ ಇದೆ ಸಾರ್," ಅಂತ ಅಲ್ಲಿಂದಲೇ ಕೂಗಿ ಹೇಳಿದಳು.